ಒಡಂಬಡಿಕೆಯ ಭಂಗವೂ ದೇವರ ಕರುಣೆಯೂ

ಹನ್ನೆರಡನೆಯ ಶತಮಾನದಲ್ಲಿ ಸಿಂದರು ಆಳಿದ ಕುರುಗೋಡೂ ಸೇರಿದಂತೆ ನಮ್ಮ ಬಳ್ಳಾರಿ ಸೀಮೆಯು ಶಿಲಾಶಾಸನಗಳ ನಾಡು. ಧರ್ಮಕ್ಕೆ ಬಿಟ್ಟ ದತ್ತಿಯನ್ನು ಅಳಿದವನು ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಗುರಿಯಾಗುವನೆಂಬ ಶಾಪವಾಕ್ಯವು ಕನ್ನಡ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ. ದೇವರ ಸಾಕ್ಷಿಯಾಗಿ ಕೊಟ್ಟ ಮಾತನ್ನು ಮುರಿಯುವುದು ಮಹಾಪಾಪವೆಂಬ ಅರಿವು ಈ ಮಣ್ಣಿಗೆ ಹೊಸದಲ್ಲ.

ಪವಿತ್ರ ಗ್ರಂಥವೂ ಇದನ್ನೇ ಸಾರುತ್ತದೆ. ಗಿಬ್ಯೋನ್ಯರು ಮೋಸದಿಂದಲೇ ಯೆಹೋಶುವನಿಂದ ಅಭಯದ ಪ್ರಮಾಣ ಪಡೆದರು. ಮೋಸ ಬಯಲಾದ ಮೇಲೂ, ಸರ್ವೇಶ್ವರನ ಹೆಸರಿನಲ್ಲಿ ಆಡಿದ ಮಾತೆಂದು ಇಸ್ರಯೇಲರ ನಾಯಕರು ಅದನ್ನು ಉಳಿಸಿಕೊಂಡರು. ಬಹುಕಾಲದ ನಂತರ ಸೌಲನು ಆ ಪ್ರಮಾಣವನ್ನು ಮುರಿದು ಅವರನ್ನು ಕೊಲ್ಲಿಸಿದನು. ಅದರ ಫಲವಾಗಿ ದಾವೀದನ ಕಾಲದಲ್ಲಿ ಮೂರು ವರ್ಷ ಬರ ಬಂದಿತೆಂದು ಸಮುವೇಲನ ಎರಡನೆಯ ಗ್ರಂಥ ಹೇಳುತ್ತದೆ. 1876–78ರ ಘೋರ ಕ್ಷಾಮವನ್ನುಂಡ ಬಳ್ಳಾರಿ ಜಿಲ್ಲೆಗೆ ಬರದ ಅರ್ಥವನ್ನು ವಿವರಿಸಬೇಕಿಲ್ಲ. ಎಲ್ಲ ಬರವೂ ದೈವಶಿಕ್ಷೆಯಲ್ಲ. ಆದರೆ ಬಲಹೀನರಿಗೆ ಮಾತು ತಪ್ಪಿದವನು ದೇವರಿಗೇ ಮಾತು ತಪ್ಪಿದವನೆಂಬುದು ಇಲ್ಲಿನ ಬೋಧನೆ.

ಹಾಗಾದರೆ ತಪ್ಪಿದವನಿಗೆ ಮರಳುವ ದಾರಿಯಿಲ್ಲವೇ? ಜನರು ಒಡಂಬಡಿಕೆಯನ್ನು ಮುರಿದಾಗ, ಹೃದಯದಲ್ಲಿ ಬರೆಯುವ ಹೊಸ ಒಡಂಬಡಿಕೆಯನ್ನು ದೇವರು ಯೆರೆಮೀಯನ ಮೂಲಕ ವಾಗ್ದಾನ ಮಾಡಿದರು. ಅದನ್ನು ಯೇಸುಸ್ವಾಮಿ ತಮ್ಮ ರಕ್ತದಿಂದಲೇ ಸ್ಥಿರಪಡಿಸಿದರು. ಮೂರು ಬಾರಿ ಅವರನ್ನು ಅಲ್ಲಗಳೆದ ಪೇತ್ರರು ಅತ್ತು ಮರಳಿದರು. ಕ್ರಿ.ಶ. 250ರಲ್ಲಿ ಡೇಸಿಯಸ್ ಚಕ್ರವರ್ತಿಯ ಹಿಂಸೆಗೆ ಅಂಜಿ ವಿಶ್ವಾಸ ತೊರೆದವರ ಪಾಪವನ್ನು ಕಾರ್ಥೇಜಿನ ಸಂತ ಸಿಪ್ರಿಯನರು ಹಗುರವಾಗಿ ಕಾಣಲಿಲ್ಲ. ಆದರೂ ಪ್ರಾಯಶ್ಚಿತ್ತದ ಬಾಗಿಲನ್ನು ಮುಚ್ಚಲಿಲ್ಲ.

ನಮ್ಮ ಕರ್ನಾಟಕದಲ್ಲಿಯೂ ಇದಕ್ಕೆ ಸಾಕ್ಷಿಯುಂಟು. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. ಹಲವರು ಬಲವಂತದ ಮತಾಂತರಕ್ಕೆ ಒಳಗಾದರು. 1799ರಲ್ಲಿ ಆ ಕೋಟೆ ಬಿದ್ದ ಮೇಲೆ, ಪ್ಯಾರಿಸಿನ ಮಿಷನರಿ ಗುರು ಅಬೆ ದುಬುವಾ ಅವರು ಚದುರಿದ ವಿಶ್ವಾಸಿಗಳನ್ನು ಮತ್ತೆ ಒಗ್ಗೂಡಿಸಿದರು. ಬಲವಂತಕ್ಕೆ ಸಿಕ್ಕವರನ್ನು ಧರ್ಮಸಭೆ ದೂಡಲಿಲ್ಲ, ಕೈಹಿಡಿದು ಕರೆದುಕೊಂಡಿತು.

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಪ್ರಿಯ ವಿಶ್ವಾಸಿಗಳೇ, ನಮ್ಮನ್ನು ಇಂದು ಯಾರೂ ಬಲವಂತಪಡಿಸುತ್ತಿಲ್ಲ. ಆದುದರಿಂದಲೇ ನಮ್ಮ ಹೊಣೆ ಹೆಚ್ಚಿನದು. ಪಾಸ್ಖ ಜಾಗರಣೆಯ ರಾತ್ರಿ ಉರಿಯುವ ಬತ್ತಿ ಹಿಡಿದು ಜ್ಞಾನಸ್ನಾನದ ಪ್ರತಿಜ್ಞೆಯನ್ನು ನವೀಕರಿಸುತ್ತೇವೆ. ಬಲಿಪೀಠದ ಮುಂದೆ ವಿವಾಹದ ಮಾತು ಕೊಡುತ್ತೇವೆ. ದೇವಾಲಯ ನೂರು ವರ್ಷ ನಿಲ್ಲುವುದು ಕಲ್ಲು ಗಾರೆಗಳಿಂದ ಮಾತ್ರವಲ್ಲ, ಉಳಿಸಿಕೊಂಡ ಮಾತಿನಿಂದ. ತಪ್ಪಿದವರು ಮರಳಲಿ, ನಿಂತವರು ಮರಳಿದವರಿಗೆ ಎಡೆಮಾಡಿಕೊಡಲಿ.