ದೇವರಿಗೆ ಅಸಾಧ್ಯ, ಮತದಾರನಿಗೆ ಸಾಧ್ಯ!

1967ರ ಫೆಬ್ರವರಿ. ನಾಲ್ಕನೇ ಮಹಾಚುನಾವಣೆಯ ಕಾವು ಮುಂಬಯಿಗೂ ಏರಿತ್ತು. ದಕ್ಷಿಣ ಮುಂಬಯಿ ಲೋಕಸಭಾ ಕ್ಷೇತ್ರದ ಕಾಂಗ್ರೆಸ್ ಅಭ್ಯರ್ಥಿ ಎಸ್. ಕೆ. ಪಾಟೀಲರನ್ನು 'ಈ ಬಾರಿ ನೀವು ಸೋಲಬಹುದೇ?' ಎಂದು ಪತ್ರಕರ್ತರು ಕೇಳಿದರಂತೆ. ದೇವರಿಂದಲೂ ತಮ್ಮನ್ನು ಸೋಲಿಸಲಾಗದು ಎಂದು ಪಾಟೀಲರು ಉತ್ತರಿಸಿದರೆಂಬುದು ಪ್ರಚಲಿತ ಕಥೆ. ಎದುರಾಳಿಗಳಿಗೆ ಅಷ್ಟೇ ಸಾಕಾಯಿತು. ನಗರದ ಗೋಡೆಗಳ ಮೇಲೆ ಭಿತ್ತಿಪತ್ರಗಳು ಕಾಣಿಸಿಕೊಂಡವು. ದೇವರು ಪಾಟೀಲರನ್ನು ಸೋಲಿಸಲಾರ, ಆದರೆ ನೀವು ಸೋಲಿಸಬಲ್ಲಿರಿ ಎಂಬುದು ಅವುಗಳ ಸಾರಾಂಶ.

ಆ 'ನೀವು' ಎಂಬ ಪದದಲ್ಲೇ ಇಡೀ ಚುನಾವಣೆಯ ಗುಟ್ಟು ಅಡಗಿತ್ತು. ಪಾಟೀಲರ ಎದುರು ನಿಂತಿದ್ದವರು 36 ವರ್ಷದ ಕಾರ್ಮಿಕ ನಾಯಕ, ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಸಂಯುಕ್ತ ಸೋಷಲಿಸ್ಟ್ ಪಕ್ಷದ ಈ ಅಭ್ಯರ್ಥಿ ಅದುವರೆಗೆ ಸಂಸತ್ತಿನ ಮೆಟ್ಟಿಲು ಹತ್ತಿದವರಲ್ಲ.

ಎದುರಾಳಿಯಾದರೋ ಸಾಮಾನ್ಯರಲ್ಲ. ಸದಾಶಿವ ಕಾನೋಜಿ ಪಾಟೀಲರು ಮೂರು ಬಾರಿ ಮುಂಬಯಿಯ ಮೇಯರ್ ಆಗಿದ್ದವರು. 1952, 1957 ಮತ್ತು 1962ರಲ್ಲಿ ದಕ್ಷಿಣ ಮುಂಬಯಿಯಿಂದ ಲೋಕಸಭೆಗೆ ಆರಿಸಿ ಬಂದವರು. ಕೇಂದ್ರದ ಆಹಾರ ಸಚಿವರಾಗಿ 1960ರಲ್ಲಿ ಅಮೆರಿಕದೊಂದಿಗೆ ಗೋಧಿ ಆಮದಿನ ದೊಡ್ಡ ಒಪ್ಪಂದ ಮಾಡಿಕೊಂಡವರು. ಚುನಾವಣೆಯ ಹೊತ್ತಿಗೆ ಅವರು ರೈಲ್ವೆ ಸಚಿವರು. ಉದ್ಯಮಿಗಳಿಂದ ಪಕ್ಷಕ್ಕೆ ನಿಧಿ ಕೂಡಿಸುವುದರಲ್ಲಿ ಅವರದು ಎತ್ತಿದ ಕೈ. 'ಮುಂಬಯಿಯ ಕಿರೀಟವಿಲ್ಲದ ದೊರೆ' ಎಂಬ ಬಿರುದು ಅವರಿಗೆ ಸುಮ್ಮನೆ ಬಂದಿರಲಿಲ್ಲ.

ಚೌಪಾಟಿಯ ಬೆಂಚಿನಿಂದ

ಇಂಥವರನ್ನು ಎದುರಿಸಲು ಹೊರಟ ಜಾರ್ಜ್ ಅವರ ಬಂಡವಾಳವೇನು? ಅದನ್ನು ತಿಳಿಯಲು ಹದಿನೆಂಟು ವರ್ಷ ಹಿಂದಕ್ಕೆ ಹೋಗಬೇಕು.

1930ರ ಜೂನ್ 3ರಂದು ಮಂಗಳೂರಿನ ಕ್ಯಾಥೊಲಿಕ್ ಕುಟುಂಬದಲ್ಲಿ ಹುಟ್ಟಿದ ಜಾರ್ಜ್ ಅವರನ್ನು ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳುಹಿಸಿದ್ದರು. ಅಲ್ಲಿನ ಗುರುಗಳಿಗೊಂದು ಊಟ, ವಿದ್ಯಾರ್ಥಿಗಳಿಗೊಂದು ಊಟ ಎಂಬ ಭೇದವನ್ನು ಅವರು ಸಹಿಸಲಿಲ್ಲ. ಸುಮಾರು ಎರಡೂವರೆ ವರ್ಷಕ್ಕೆ ಸೆಮಿನರಿ ಬಿಟ್ಟು ಹೊರಬಂದರು. ಮಂಗಳೂರಿನಲ್ಲಿ ಹೋಟೆಲ್ ಮತ್ತು ಸಾರಿಗೆ ಕಾರ್ಮಿಕರ ಸಂಘಟನೆಯಲ್ಲಿ ತೊಡಗಿದರು. 'ಕೊಂಕಣಿ ಯುವಕ್' ಮಾಸಿಕ ಮತ್ತು ಕನ್ನಡದ 'ರೈತವಾಣಿ' ವಾರಪತ್ರಿಕೆಗಳ ಸಂಪಾದಕರೂ ಆದರು.

1949ರಲ್ಲಿ ಉದ್ಯೋಗ ಹುಡುಕಿಕೊಂಡು ಮುಂಬಯಿ ಸೇರಿದಾಗ ತಲೆಯ ಮೇಲೊಂದು ಸೂರಿರಲಿಲ್ಲ. ಚೌಪಾಟಿಯ ಬೆಂಚುಗಳೇ ಹಾಸಿಗೆ. ನಡುರಾತ್ರಿ ಪೊಲೀಸರು ಬಂದು ಎಬ್ಬಿಸಿ ಕಳುಹಿಸುತ್ತಿದ್ದುದನ್ನು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಒಡನಾಟ ಬದುಕಿನ ದಿಕ್ಕನ್ನೇ ಬದಲಿಸಿತು. 1958ರಲ್ಲಿ ಡಿಮೆಲ್ಲೊ ತೀರಿಕೊಂಡ ಬಳಿಕ ಸಂಘಟನೆಯ ಹೊಣೆ ಹೆಚ್ಚಾಗಿ ಜಾರ್ಜ್ ಹೆಗಲಿಗೇ ಬಿತ್ತು.

ಟ್ಯಾಕ್ಸಿ ಚಾಲಕರು, ನಗರಸಭೆಯ ಕಾರ್ಮಿಕರು, ಹೋಟೆಲ್ ಮಾಣಿಗಳು: ದೊಡ್ಡ ಗಿರಣಿಗಳ ಹೊರಗೆ ದುಡಿಯುತ್ತಿದ್ದ, ಯಾರ ಲೆಕ್ಕಕ್ಕೂ ಬಾರದ ಇಂಥ ಜನರನ್ನು ಅವರು ಒಗ್ಗೂಡಿಸಿದರು. ಅವರಲ್ಲಿ ಊರು ಬಿಟ್ಟು ಬಂದು ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ದಕ್ಷಿಣ ಕನ್ನಡದ ಹುಡುಗರೂ ಇದ್ದರು. ಮರಾಠಿಯವರೊಡನೆ ಮರಾಠಿ, ತುಳುವರೊಡನೆ ತುಳು, ಕೊಂಕಣಿಗರೊಡನೆ ಕೊಂಕಣಿ ಮಾತನಾಡಬಲ್ಲ ಜಾರ್ಜ್ ಅವರಿಗೆ ದುಭಾಷಿ ಬೇಕಿರಲಿಲ್ಲ. ಹಲವು ಬಾರಿ ಲಾಠಿ ಏಟು ತಿಂದರು, ಜೈಲಿಗೂ ಹೋದರು. 1961ರಲ್ಲಿ ನಗರಸಭೆಯ ಸದಸ್ಯರಾದ ಮೇಲೆ ಈ ಜನರ ದೂರುಗಳು ಸಭಾಭವನದಲ್ಲೂ ಕೇಳತೊಡಗಿದವು.

ದೆಹಲಿಯ ಮಟ್ಟಿಗೆ ಜಾರ್ಜ್ ಹೊಸಬರು ನಿಜ. ಆದರೆ ಮುಂಬಯಿಯ ಬೀದಿಗೆ ಅವರು ಹಳಬರೇ ಆಗಿದ್ದರು.

ಕಾಲ ಬದಲಾಗಿತ್ತು

ಒಬ್ಬನ ಶ್ರಮವೊಂದರಿಂದಲೇ ಇಂಥ ಗೆಲುವು ಸಾಧ್ಯವಾಗದು. ಕಾಲವೂ ಕೂಡಿಬರಬೇಕು. 1965 ಮತ್ತು 1966ರ ಸತತ ಬರ, ಆಹಾರದ ಅಭಾವ, 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯ, ಬೆಲೆ ಏರಿಕೆ ಇವೆಲ್ಲ ಸೇರಿ ಆಳುವ ಪಕ್ಷದ ಮೇಲೆ ಜನ ಮುನಿದಿದ್ದರು. ಮುಂಬಯಿಯಲ್ಲಿ ಇನ್ನೊಂದು ಗಾಳಿಯೂ ಬೀಸುತ್ತಿತ್ತು. 1966ರ ಜೂನ್‌ನಲ್ಲಿ ಹುಟ್ಟಿದ ಶಿವಸೇನೆ ದಕ್ಷಿಣ ಭಾರತೀಯರ ವಿರುದ್ಧ ದನಿಯೆತ್ತಿತ್ತು. ಅಂಥ ಹೊತ್ತಿನಲ್ಲಿ ಮಂಗಳೂರಿನವನೊಬ್ಬ ಆ ನಗರದ ಹೃದಯಭಾಗದಲ್ಲಿ ಮತ ಕೇಳಲು ನಿಂತದ್ದು ಸಣ್ಣ ಧೈರ್ಯವಲ್ಲ.

ಕೊಲಾಬಾ, ಕೋಟೆ ಪ್ರದೇಶಗಳನ್ನು ಒಳಗೊಂಡ ಆ ಕ್ಷೇತ್ರದಲ್ಲಿ ಶ್ರೀಮಂತರ ಬಂಗಲೆಗಳೂ ಇದ್ದವು, ಕೂಲಿಕಾರರ ಬಿಡಾರಗಳೂ ಇದ್ದವು. ಬಂಗಲೆಗೂ ಒಂದೇ ಓಟು, ಬಿಡಾರಕ್ಕೂ ಒಂದೇ ಓಟು ಎಂಬುದನ್ನು ಭಿತ್ತಿಪತ್ರಗಳು ನೆನಪಿಸಿದ್ದವು. ಎಣಿಕೆ ಮುಗಿದಾಗ ಜಾರ್ಜ್ ಶೇಕಡ 48.5ರಷ್ಟು ಮತ ಪಡೆದು ಗೆದ್ದಿದ್ದರು. ಪತ್ರಿಕೆಗಳು ಅವರನ್ನು 'ದೈತ್ಯಸಂಹಾರಿ ಜಾರ್ಜ್' ಎಂದು ಕರೆದವು.

ಆ ವರ್ಷ ಉರುಳಿದ ದೈತ್ಯರು ಪಾಟೀಲರೊಬ್ಬರೇ ಅಲ್ಲ. ಕಾಂಗ್ರೆಸ್ ಅಧ್ಯಕ್ಷ ಕಾಮರಾಜರೇ ತಮ್ಮ ಹುಟ್ಟೂರು ವಿರುದುನಗರದಲ್ಲಿ ಪಿ. ಶ್ರೀನಿವಾಸನ್ ಎಂಬ ವಿದ್ಯಾರ್ಥಿ ನಾಯಕನೆದುರು 1,285 ಮತಗಳಿಂದ ಸೋತರು. ಬಂಗಾಳದಲ್ಲಿ ಅತುಲ್ಯ ಘೋಷ್ ಸೋತರು. ದೊಡ್ಡ ಮರಗಳೂ ಬೀಳುತ್ತವೆ ಎಂಬುದು ದೇಶಕ್ಕೆ ಮನವರಿಕೆಯಾದ ವರ್ಷವದು.

ಗೆಲುವಿನ ಮುಂದೇನು?

ಚರಿತ್ರೆ ಇಲ್ಲಿಗೇ ಮುಗಿದಿದ್ದರೆ ಇದೊಂದು ಸುಖಾಂತ ಕಥೆಯಾಗುತ್ತಿತ್ತು. ಆದರೆ ನಾಲ್ಕೇ ವರ್ಷಗಳಲ್ಲಿ, 1971ರ ಇಂದಿರಾ ಅಲೆಯಲ್ಲಿ, ಅದೇ ದಕ್ಷಿಣ ಮುಂಬಯಿ ಜಾರ್ಜ್ ಅವರನ್ನು ಕೈಬಿಟ್ಟಿತು. 1974ರ ಮೇ ತಿಂಗಳಲ್ಲಿ ಅವರು ಇಪ್ಪತ್ತು ದಿನಗಳ ರೈಲ್ವೆ ಮುಷ್ಕರದ ನೇತೃತ್ವ ವಹಿಸಿ ದೇಶವನ್ನೇ ಅಲುಗಾಡಿಸಿದರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಮೂರು ಲಕ್ಷಕ್ಕೂ ಮಿಕ್ಕಿದ ಅಂತರದಲ್ಲಿ ಗೆದ್ದರು. ರೈಲ್ವೆ ಸಚಿವರನ್ನು ಸೋಲಿಸಿ, ರೈಲು ನಿಲ್ಲಿಸಿದ ಮನುಷ್ಯ 1989ರಲ್ಲಿ ತಾವೇ ರೈಲ್ವೆ ಸಚಿವರಾಗಿ ಕೊಂಕಣ ರೈಲು ಮಾರ್ಗಕ್ಕೆ ಚಾಲನೆ ಕೊಟ್ಟರು. ಮುಂದೆ ರಕ್ಷಣಾ ಸಚಿವರೂ ಆದರು.

2009ರಲ್ಲಿ ಪಕ್ಷ ಟಿಕೆಟ್ ನಿರಾಕರಿಸಿದಾಗ ಅವರು ಮುಜಫ್ಫರಪುರದಲ್ಲೇ ಪಕ್ಷೇತರರಾಗಿ ನಿಂತರು. ಐದು ಬಾರಿ ಗೆಲ್ಲಿಸಿದ್ದ ಕ್ಷೇತ್ರದಲ್ಲಿ ಠೇವಣಿಯೂ ಉಳಿಯಲಿಲ್ಲ. ಒಂದು ಕಾಲದ ಹೊಸಬ ಅಷ್ಟರಲ್ಲಿ ಹಳಬನಾಗಿದ್ದ. 2019ರ ಜನವರಿ 29ರಂದು ಅವರು ನಿಧನರಾದರು.

1967ರ ಗೆಲುವು ಕೇವಲ ಒಬ್ಬ ಅಭ್ಯರ್ಥಿಯದಾಗಿರಲಿಲ್ಲ. ಟ್ಯಾಕ್ಸಿ ಓಡಿಸುವವನು, ಲೋಟ ತೊಳೆಯುವವನು ತನ್ನ ಓಟಿಗೂ ಬೆಲೆಯಿದೆ ಎಂದು ನಂಬಿದ್ದರಿಂದ ಬಂದ ಗೆಲುವದು. ಆ ನಂಬಿಕೆ ಯಾವ ನಾಯಕನ ಸ್ವತ್ತೂ ಅಲ್ಲ. ಪಾಟೀಲರಿಂದ ಅದನ್ನು ಕಿತ್ತುಕೊಂಡ ಮತದಾರ ಜಾರ್ಜ್ ಕೈಗೂ ಶಾಶ್ವತವಾಗಿ ಬಿಟ್ಟುಕೊಡಲಿಲ್ಲ. ಗೋಡೆಯ ಮೇಲಿನ ಆ 'ನೀವು' ಎಂಬ ಪದ ಗೆದ್ದವರಿಗೂ ಅನ್ವಯಿಸುತ್ತದೆ.