ಪಶ್ಮಿಯಿಂದ ಪಾಮೇರಿಯನ್‌ವರೆಗೆ: ನಾಯಿಯ ಉದ್ದ ಕೂದಲಿಗೆ ಬಡ್ಡಿ ಕಟ್ಟೋರು ಯಾರು?

ಇಯರ್‌ಫೋನ್ ಹಾಕ್ಕೊಂಡು ಹುಬ್ಬಳ್ಳಿ ಬಸ್ಸಿನ್ಯಾಗ ಕುಂತೋರಿಗೂ, ಹೊಲದ ಬದುವಿನ ಮ್ಯಾಲೆ ಕುಂತು ಕೇಳೋರಿಗೂ ಸ್ವಾಗತ. ಇವತ್ತಿನ ವಿಷಯ ನಾಯಿ. ಪೂರ್ತಿ ನಾಯಿನೂ ಅಲ್ಲ, ಬರೇ ಅದರ ಕೂದಲು. ನಗಬ್ಯಾಡ್ರಿ, ಈ ಕೂದಲಿಗೆ ದೊಡ್ಡ ಇತಿಹಾಸ ಇದೆ.

ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ನಾಯಿ ಅಂದ್ರ ಓಣಿ ನಾಯಿ, ಹೊಲ ಕಾಯೋ ನಾಯಿ, ಕುರುಬರ ಹಟ್ಟಿ ನಾಯಿ. ಎಲ್ಲಾ ಗಿಡ್ಡ ಕೂದಲಿನವು. ಮಳಿಗೆ ತೊಯ್ದ್ರ ಒಂದ್ಸಲ ಮೈ ಝಾಡಿಸ್ತಾವು, ಅಲ್ಲಿಗೆ ಮುಗೀತು. ಈಗ ಅದೇ ಊರುಗಳಲ್ಲಿ ಬಿಳಿ ಪಾಮೇರಿಯನ್, ಶಿಟ್ಜೂ, ಲಾಸಾ ಆಪ್ಸೊ ಕಾಣಿಸ್ತಾವೆ. ಹಬ್ಬಕ್ಕೆ ಫೋಟೋ, ಸ್ಟೇಟಸ್, ರೀಲ್ಸ್, ಎಲ್ಲಾ ಆಗ್ತದೆ. ಆದರೆ ಶ್ರಾವಣದ ಮಳೆ ಬಿದ್ದ ಮೇಲೆ ನಮ್ಮ ಎರಿ ಮಣ್ಣು ಹೆಂಗಿರ್ತದ ಅಂತ ನಿಮಗೇ ಗೊತ್ತು. ಚಪ್ಪಲಿಗೆ ಹತ್ತಿದ್ರ ಕಾಲು ಎತ್ತೋದೇ ಕಷ್ಟ. ಆ ಮಣ್ಣು ಬೆರಳ ನಡುವೆ ಕೂದಲಿರೋ ನಾಯಿಯ ಕಾಲಿಗೆ ಹತ್ತಿದ್ರ ಏನಾಗ್ತದೆ? ಹೊಲದ ಬದುವಿನ ಉತ್ತರಾಣಿ ಬೀಜ ಹೊಟ್ಟೆಯ ಕೂದಲಿಗೆ ಸಿಕ್ಕಿಕೊಂಡ್ರ ಯಾರು ಬಿಡಿಸ್ತಾರೆ?

ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋಗೋಣ. ನಾನು ಓದಿದ್ದು ಬಿ.ಕಾಂ, ಹಾಗಾಗಿ ಇತಿಹಾಸ ಓದೋವಾಗಲೂ ಖರ್ಚು ಯಾರ ಖಾತೆಗೆ ಬಿತ್ತು ಅಂತ ನೋಡೋ ಚಟ. ನಾಯಿಯ ಉದ್ದ ಕೂದಲು ನನಗೆ ಸಾಲದ ಹಾಗೆ ಕಾಣ್ತದೆ. ಅಸಲು ಚೆಂದ ಇರ್ತದೆ, ಬಡ್ಡಿ ದಿನಾ ಕಟ್ಟಬೇಕು.

ಮೊದಲು ವಿಜ್ಞಾನ. ನಾಯಿ ತೋಳದ ಕುಲದ್ದು. ತೋಳದ ಕೂದಲು ಚಳಿಗಾಲಕ್ಕೆ ದಟ್ಟ ಆಗ್ತದೆ, ಬ್ಯಾಸಗಿಗೆ ಉದುರ್ತದೆ. ಯಾರೂ ಬಾಚೋದು ಬೇಕಿಲ್ಲ. ಹಾಗಾದ್ರ ನೆಲಕ್ಕೆ ತಾಗೋ ಕೂದಲು ಎಲ್ಲಿಂದ ಬಂತು? 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. 80 ತಳಿಗಳ ಸಾವಿರಕ್ಕೂ ಹೆಚ್ಚು ನಾಯಿಗಳನ್ನು ನೋಡಿ, ಅವುಗಳ ಮೈಗೂದಲಿನ ಬಹುಪಾಲು ವೈವಿಧ್ಯಕ್ಕೆ ಮೂರೇ ವಂಶವಾಹಿಗಳು ಕಾರಣ ಅಂತ ಕಂಡುಕೊಂಡರು. ಉದ್ದಕ್ಕೆ ಸಂಬಂಧಿಸಿದ್ದು ಎಫ್‌ಜಿಎಫ್5. ಅದರ ಸಹಜ ಕೆಲಸ ‘ಸಾಕು, ಇನ್ನು ಬೆಳೀಬ್ಯಾಡ’ ಅಂತ ಕೂದಲಿಗೆ ಹೇಳೋದು. ಅದರಲ್ಲಿ ಬದಲಾವಣೆ ಆದ್ರ ಕೂದಲು ನಿಲ್ಲದೆ ಉದ್ದ ಬೆಳೀತದೆ. ಅಂಥ ನಾಯಿ ಕಾಡಿನಲ್ಲಿ ಮುಳ್ಳಿಗೆ ಸಿಕ್ಕಿ ಸೋಲ್ತಿತ್ತು. ಮನುಷ್ಯ ಅದನ್ನ ಇಷ್ಟಪಟ್ಟು ಉಳಿಸಿಕೊಂಡ, ಮರಿ ಮಾಡಿಸಿದ. ಅಂದ್ರ ಉದ್ದ ಕೂದಲು ನಾವು ಆರಿಸಿದ್ದು, ನಾಯಿ ಕೇಳಿದ್ದಲ್ಲ. ಇದು ನೆನಪಿರಲಿ.

ಈಗ ನಮ್ಮ ಸೀಮೆಗೆ ಬರೋಣ. ಕನ್ನಡ ನಾಡಿನಲ್ಲಿ ನಾಯಿಗೆ ಮರ್ಯಾದೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸುಮಾರು ಕ್ರಿ.ಶ. 949–50ರದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಅಂತ ಕೇಳಿದಾಗ, ಆತ ಬೇಡಿದ್ದು ‘ಕಾಳಿ’ ಅನ್ನೋ ನಾಯಿಯನ್ನ. ಆ ಕಾಳಿ ಹಂದಿಯ ಜೊತೆ ಹೋರಾಡಿ ಸತ್ತಿತು, ಹಂದಿನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ಕಾಳಿಯ ಹೆಸರು ಉಳಿದಿದೆ. ಅದಕ್ಕೆ ಅನ್ನ ಹಾಕಿದ, ಮೈ ತಿಕ್ಕಿದ ಆಳಿನ ಹೆಸರು ಮಾತ್ರ ಆ ಕಥೆಯಲ್ಲಿ ಇಲ್ಲ.

ಉದ್ದ ಕೂದಲಿನ ನಾಯಿಗೆ ಉತ್ತರ ಕರ್ನಾಟಕದಲ್ಲಿ ಒಂದು ಹಳೆಯ ಹೆಸರಿದೆ: ಪಶ್ಮಿ. ಪಾರ್ಸಿ ಭಾಷೆಯಲ್ಲಿ ‘ಪಶ್ಮ್’ ಅಂದ್ರ ಉಣ್ಣೆ. ಪಶ್ಮೀನಾ ಶಾಲು ಅಂತೀವಲ್ಲ, ಅದೇ ಮೂಲ. ಮುಧೋಳ ನಾಯಿ ಎಲ್ಲರಿಗೂ ಗೊತ್ತು. ತೆಳ್ಳನ ಸೊಂಟ, ಉದ್ದ ಮೂತಿ, ನುಣುಪು ಮೈ. ಪಶ್ಮಿಯದೂ ಅದೇ ಮೈಕಟ್ಟು, ಆದರೆ ಕಿವಿ, ಬಾಲ, ಕಾಲಿನ ಹಿಂಭಾಗದಲ್ಲಿ ರೇಷ್ಮೆಯಂಥ ಕುಚ್ಚು. ಪಶ್ಚಿಮ ಏಷ್ಯಾದ ಸಲೂಕಿ ನಾಯಿಯನ್ನ ನೋಡಿದ್ರ ಇದರ ದಾಯಾದಿ ಅನ್ನಿಸ್ತದೆ. ವ್ಯಾಪಾರಿಗಳ ಕಾರವಾನಿನ ಜೊತೆ, ಸೈನಿಕರ ಜೊತೆ ಇಂಥ ನಾಯಿಗಳು ದಖ್ಖನ್ನಿಗೆ ಬಂದವು ಅನ್ನೋದು ಸಾಮಾನ್ಯ ನಂಬಿಕೆ. ‘ಕಾರವಾನ್ ಹೌಂಡ್’ ಅನ್ನೋ ಹೆಸರಲ್ಲೇ ಆ ನಂಬಿಕೆ ಕೂತಿದೆ. 1490ರಿಂದ 1686ರವರೆಗೆ ಬಿಜಾಪುರದಲ್ಲಿ ಆದಿಲಶಾಹಿ ಆಳ್ವಿಕೆ. ಆಗ ಈ ಸೀಮೆಗೂ ಪರ್ಷಿಯಾಕ್ಕೂ ಕುದುರೆ, ಜನ, ಮಾತು ಎಲ್ಲದರ ನಂಟಿತ್ತು. ನವಲಗುಂದದ ಜಮಖಾನ ನೇಯೋರ ಹಿರಿಯರೂ ಬಿಜಾಪುರದಿಂದಲೇ ಬಂದವರು ಅಂತ ಹೇಳ್ತಾರೆ.

ಮುಂದಿನ ಕಥೆ ಮುಧೋಳದ್ದು. ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಅವರು ಬೇಡರ ಬೇಟೆನಾಯಿಗಳನ್ನ ಗಮನಿಸಿ ಸಾಕಿ ಬೆಳೆಸಿದರು. ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು, ಮುಧೋಳದ ಹೆಸರು ಅಲ್ಲಿಂದ ಹಬ್ಬಿತು. 2005ರಲ್ಲಿ ಅಂಚೆ ಚೀಟಿ ಬಂತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೆಸರು ಹೇಳಿದರು. ಇಷ್ಟೆಲ್ಲಾ ಕೀರ್ತಿ ಸಿಕ್ಕಿದ್ದು ನುಣುಪು ಕೂದಲಿನ ನಾಯಿಗೆ. ಪಶ್ಮಿ ಇವತ್ತು ಅಪರೂಪ.

ಯಾಕೆ ಹೀಗಾಯ್ತು? ನನ್ನ ಲೆಕ್ಕ ಸರಳ. ಜಾಲಿ ಮುಳ್ಳಿನ ನಡುವೆ ಮೊಲ ಅಟ್ಟಿಸಿಕೊಂಡು ಹೋಗೋ ನಾಯಿಗೆ ಕುಚ್ಚು ಕೂದಲು ಭಾರ. ಸಂಜೆ ಕೂತು ಮುಳ್ಳು ಬಿಡಿಸೋ ಪುರುಸೊತ್ತು ದುಡಿಯೋ ಮನೆಯಲ್ಲಿ ಇರಲಿಲ್ಲ. ಬಡ್ಡಿ ಕಟ್ಟೋಕೆ ಆಗದವರು ಸಾಲನೇ ಮಾಡಲಿಲ್ಲ, ಅಷ್ಟೇ.

ಹಾಗಂತ ಕೂದಲಿನ ವಿದ್ಯೆ ನಮ್ಮಲ್ಲಿ ಇರಲಿಲ್ಲ ಅನ್ಕೋಬ್ಯಾಡ್ರಿ. ಹಾಲುಮತದ ಕುರುಬರು ದಖ್ಖನಿ ಕುರಿಗಳನ್ನ ಹಳ್ಳಕ್ಕೆ ಹೊಡಕೊಂಡು ಹೋಗಿ ಮೈ ತೊಳೀತಾರೆ, ಒಣಗಿಸ್ತಾರೆ, ಆಮೇಲೆ ಕತ್ತರಿ ಹಿಡೀತಾರೆ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸೋದು ರೂಢಿ. ಚರ್ಮಕ್ಕೆ ಗಾಯ ಆಗದ ಹಾಗೆ ಕತ್ತರಿ ಹೆಂಗ ಹಿಡೀಬೇಕು, ಒದ್ದಿ ಕೂದಲು ಯಾಕೆ ಕತ್ತರಿಸಬಾರದು, ಎಲ್ಲಾ ಅವರ ಕೈಗೆ ಗೊತ್ತು. ಆ ಉಣ್ಣೆ ನೂಲಾಗಿ, ಹುಣಸೆ ಬೀಜದ ಗಂಜಿ ಕುಡಿದು, ಕಂಬಳಿ ಆಗ್ತದೆ. ಇನ್ನೊಂದು ಮಜಾ ಕೇಳ್ರಿ. ಪುಸ್ತಕದ ‘ಉಣ್ಣೆ’ ನಮ್ಮ ಬಾಯಲ್ಲಿ ‘ಉಣ್ಣಿ’. ರಕ್ತ ಹೀರೋ ಹುಳಕ್ಕೂ ನಾವು ಅನ್ನೋದು ‘ಉಣ್ಣಿ’. ಕೂದಲು ಇದ್ದಲ್ಲಿ ಹುಳ, ಎರಡಕ್ಕೂ ಒಂದೇ ಉಚ್ಚಾರ. ಹಣಿಗೆ ಅನ್ನೋ ಶಬ್ದನೂ ಹಾಗೇ: ತಲೆ ಬಾಚೋದೂ ಹಣಿಗೆ, ಮಗ್ಗದಲ್ಲಿ ನೂಲು ಬಿಡಿಸಿ ಹಿಡಿಯೋದೂ ಹಣಿಗೆ.

ಹಾಗಾದ್ರ ಬರೇ ಚೆಂದಕ್ಕಾಗಿ ಕೂದಲಿನ ನಾಯಿ ಸಾಕೋ ಫ್ಯಾಷನ್ ಎಲ್ಲಿಂದ ಬಂತು? ಅದಕ್ಕೆ ಇಂಗ್ಲೆಂಡಿಗೆ ಹೋಗಬೇಕು. 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಮೊದಲ ಶ್ವಾನ ಪ್ರದರ್ಶನ, 1873ರಲ್ಲಿ ಕೆನಲ್ ಕ್ಲಬ್. ನಾಯಿ ಏನು ಕೆಲಸ ಮಾಡ್ತದೆ ಅನ್ನೋದಕ್ಕಿಂತ ಹೆಂಗ ಕಾಣ್ತದೆ ಅನ್ನೋದಕ್ಕೆ ಬಹುಮಾನ ಸಿಗತೊಡಗಿತು. 1888ರಲ್ಲಿ ವಿಕ್ಟೋರಿಯಾ ರಾಣಿ ಫ್ಲಾರೆನ್ಸ್‌ಗೆ ಹೋದಾಗ ಮಾರ್ಕೊ ಅನ್ನೋ ಪಾಮೇರಿಯನ್ ತಗೊಂಡಳು. ರಾಣಿ ಸಾಕಿದ ಮೇಲೆ ಕೇಳಬೇಕಾ? ಪಾಮೇರಿಯನ್ ಹುಚ್ಚು ಹಬ್ಬಿತು.

ಆದರೆ ರಾಣಿ ಕೈಯಲ್ಲಿ ಬಾಚಣಿಕೆ ಇರಲಿಲ್ಲ, ಆಳುಗಳಿದ್ದರು. ಭಾರತದ ಬ್ರಿಟಿಷ್ ಬಂಗಲೆಗಳಲ್ಲಿ ಈ ಕೆಲಸಕ್ಕೆ ಬೇರೆ ಆಳೇ ಇದ್ದ. 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ‘ದೋರಿಯಾ’ ಅಂತ ಒಂದು ಶಬ್ದ ಇದೆ. ಹಗ್ಗ ಹಿಡಿಯೋನು, ಅಂದ್ರ ನಾಯಿ ನೋಡಿಕೊಳ್ಳೋ ಆಳು. ಚೀನಾದ ಅರಮನೆಯ ನಾಯಿಗಳಿಗೂ ಹಾಗೇ ಸೇವಕರಿದ್ದರು. ಶಿಟ್ಜೂ ಬಂದಿದ್ದು ಅಂಥ ಲೋಕದಿಂದ. ನಾಯಿ ಒಡೆಯನದು, ಹಣಿಗೆ ಆಳಿನದು. ಲೆಕ್ಕದ ಭಾಷೆಯಲ್ಲಿ ಹೇಳೋದಾದ್ರ ಆಸ್ತಿ ಒಬ್ಬರ ಖಾತೆಗೆ, ಖರ್ಚು ಇನ್ನೊಬ್ಬರ ಬೆವರಿಗೆ.

ಸ್ವಾತಂತ್ರ್ಯ ಬಂತು, ದೊರೆಗಳು ಹೋದರು, ನಾಯಿ ಉಳೀತು. ನಾವು ‘ಪಾಮೇರಿಯನ್’ ಅನ್ನೋ ಬಿಳಿ ನಾಯಿ ಬಹಳಷ್ಟು ಸಲ ಇಂಡಿಯನ್ ಸ್ಪಿಟ್ಜ್; ನಮ್ಮ ಸೆಕೆಗೆ ಚೂರು ಹೆಚ್ಚು ಒಗ್ಗಿದ ತಳಿ. 1994ರ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದ ಟಫಿ ನೆನಪಿದೆಯಾ? ಅದೂ ಇದೇ ಜಾತಿ. ನಮ್ಮ ಅಕ್ಕ-ಅಣ್ಣಂದಿರ ಕಾಲದ ಎಷ್ಟು ಬಿಳಿ ನಾಯಿಗಳಿಗೆ ಟಫಿ ಅಂತ ಹೆಸರಿಟ್ಟಿದ್ದರೋ! ಪೇಟೆಯಿಂದ ಆ ನಾಯಿ ಹಳ್ಳಿಗೆ ಬಂತು. ಈಗ ಶಿಟ್ಜೂನೂ ಬಂತು. ದೋರಿಯಾ ಮಾತ್ರ ಬರಲಿಲ್ಲ.

ಇಲ್ಲಿಯೇ ನಿಜವಾದ ಸಮಸ್ಯೆ. ಪೇಟೆಯಲ್ಲಿ ಗ್ರೂಮಿಂಗ್ ಸಲೂನ್ ಇರ್ತದೆ. ಅಣ್ಣಿಗೇರಿಯಿಂದ ಪ್ರತಿ ತಿಂಗಳು ನಾಯಿ ಎತ್ತಿಕೊಂಡು ಹುಬ್ಬಳ್ಳಿಗೆ ಹೋಗೋರು ಎಷ್ಟು ಮಂದಿ? ಬಾಚದೆ ಬಿಟ್ಟ ಕೂದಲು ಜಡೆಗಟ್ತದೆ. ಇವತ್ತಿನ ಕಡ್ಲಿಕಾಳಿನಷ್ಟು ಗಂಟು ಸುತ್ತಲಿನ ಕೂದಲನ್ನ ಎಳಕೊಂಡು ನಿಂಬೆಹಣ್ಣಿನಷ್ಟಾಗ್ತದೆ. ಇದು ಚಕ್ರಬಡ್ಡಿ. ಕೆಳಗೆ ಚರ್ಮ ಗಾಳಿ ಇಲ್ಲದೆ ಕೊಳೀತದೆ, ಗಾಯ ಆಗ್ತದೆ, ಹುಳ ಬೀಳ್ತದೆ. ಉಣ್ಣಿ ಅಲ್ಲೇ ಮನೆ ಮಾಡ್ತದೆ, ಅದರಿಂದ ಜ್ವರ. ನಾವು ಕಟ್ಟದ ಬಡ್ಡಿಯನ್ನ ಕಡೆಗೆ ನಾಯಿ ತನ್ನ ಮೈಯಿಂದ ಕಟ್ತದೆ.

ಇದಕ್ಕಿಂತ ಭಯದ ಮಾತು ಇನ್ನೊಂದಿದೆ. ನಮ್ಮದು ಹತ್ತಿ, ಮೆಣಸಿನಕಾಯಿ ಬೆಳೆಯೋ ಸೀಮೆ. ಮನೆಯಲ್ಲಿ ‘ಎಣ್ಣಿ’, ಅಂದ್ರ ಬೆಳೆಗೆ ಹೊಡಿಯೋ ಔಷಧ, ಇದ್ದೇ ಇರ್ತದೆ. ‘ಉಣ್ಣಿ ಆಗ್ಯಾವ, ಚೂರು ಎಣ್ಣಿ ನೀರಾಗ ಹಾಕಿ ಹಚ್ಚು’ ಅಂತ ಯಾರಾದ್ರೂ ಹೇಳ್ತಾರೆ. ದಯವಿಟ್ಟು ಹಚ್ಚಬ್ಯಾಡ್ರಿ. ಅದು ಚರ್ಮದಿಂದ ಒಳಗೆ ಹೋಗ್ತದೆ, ನಾಯಿ ಮೈ ನೆಕ್ಕಿದಾಗ ಹೊಟ್ಟೆಗೂ ಹೋಗ್ತದೆ. ಜೊಲ್ಲು ಸುರಿಸಿ, ನಡುಗಿ, ಫಿಟ್ಸ್ ಬಂದು ಸಾಯಬಹುದು. ಹಚ್ಚಿದ ಕೈಗೂ ವಿಷ. ಸೀಮೆಎಣ್ಣೆನೂ ಬೇಡ. ಉಣ್ಣಿಗೆ ನಾಯಿಯ ತೂಕ ನೋಡಿ ಕೊಡೋ ಔಷಧ ಬೇರೆ ಇದೆ, ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳ್ರಿ.

ಹಾಗಾದ್ರ ಬಡ್ಡಿ ಕಟ್ಟೋದು ಹೆಂಗ? ದಿನಾ 10 ನಿಮಿಷ ಸಾಕು. ಅಗಲ ಹಲ್ಲಿನ ಒಂದು ಸ್ಟೀಲ್ ಹಣಿಗೆ, ನಾಯಿಗಳಿಗಂತಲೇ ಸಿಗೋ ತಂತಿ ಬ್ರಷ್ ಒಂದು. ಮೇಲಿಂದ ಸವರಿದ್ರ ಪ್ರಯೋಜನ ಇಲ್ಲ. ಕೂದಲನ್ನ ಕೈಯಿಂದ ಎತ್ತಿ ಹಿಡಿದು, ಚರ್ಮ ಕಾಣೋ ಹಾಗೆ ಪದರ ಪದರವಾಗಿ ಬಾಚಬೇಕು. ಕಿವಿ ಹಿಂದೆ, ಬಗಲಲ್ಲಿ, ಹಿಂಗಾಲಿನ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಗಂಟು ಜಾಸ್ತಿ. ಗಂಟು ಸಿಕ್ಕರೆ ಬುಡವನ್ನ ಬೆರಳಲ್ಲಿ ಹಿಡಕೊಂಡು ತುದಿಯಿಂದ ಬಿಡಿಸ್ತಾ ಬರ್ರಿ, ಆಗ ಚರ್ಮ ಜಗ್ಗೋದಿಲ್ಲ. ಚರ್ಮಕ್ಕೆ ಅಂಟಿದ ಗಂಟಿಗೆ ಕತ್ತರಿ ಹಾಕಬ್ಯಾಡ್ರಿ. ಗಂಟಿನ ಜೊತೆ ಚರ್ಮನೂ ಎದ್ದು ಬಂದಿರ್ತದೆ. ಅದಕ್ಕೆ ಡಾಕ್ಟರ್ ಬೇಕು.

ಜಳಕಕ್ಕಿಂತ ಮೊದಲು ಬಾಚಬೇಕು, ಯಾಕಂದ್ರ ನೀರು ಬಿದ್ದ ಗಂಟು ಇನ್ನೂ ಬಿಗೀತದೆ. ಬಟ್ಟೆ ಸೋಪು ಬೇಡ, ನಮ್ಮ ಶಾಂಪೂನೂ ಬೇಡ. ನಾಯಿಯ ಚರ್ಮ ಬೇರೆ ಥರ. ಆಮೇಲೆ ಬುಡದವರೆಗೆ ಒಣಗಿಸ್ರಿ. ಮಳೆಗಾಲದಲ್ಲಿ ಪಾದದ ಬೆರಳ ನಡುವಿನ ಕೂದಲನ್ನ ಅಂಗಾಲಿನ ಮಟ್ಟಕ್ಕೆ ಕತ್ತರಿಸಿ ಇಡ್ರಿ. ಹೊರಗಿಂದ ಬಂದ ಕೂಡಲೇ ಎರಿ ಮಣ್ಣು ಗಟ್ಟಿ ಆಗೋ ಮೊದಲು ಬರೇ ನೀರಲ್ಲಿ ಕಾಲು ತೊಳೆದು ಒರೆಸ್ರಿ. ಕಲಘಟಗಿ ಕಡೆ ಕಾಡಂಚಿನವರು ದಿನಾ ಉಣ್ಣಿ ಹುಡುಕಬೇಕು. ಸಿಕ್ಕರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೀರಿ.

ಬ್ಯಾಸಗಿಯಲ್ಲಿ ‘ಪಾಪ, ಸೆಕೆ’ ಅಂತ ಸ್ಪಿಟ್ಜ್ ನಾಯಿಯ ಮೈ ಬೋಳಿಸೋರು ಇದ್ದಾರೆ. ಅದರ ಕೂದಲು ಎರಡು ಪದರದ್ದು, ಬಿಸಿಲಿಗೂ ಅದೇ ಮರೆ. ಬೋಳಿಸಿದ್ರ ಚರ್ಮ ಸುಡಬಹುದು, ಕೂದಲು ಮತ್ತೆ ಸರಿಯಾಗಿ ಬರದೇ ಇರಬಹುದು. ಉದುರೋ ಒಳಪದರವನ್ನ ಬಾಚಿ ತೆಗೀರಿ, ನೆರಳು ನೀರು ಕೊಡ್ರಿ, ಸಾಕು. ಶಿಟ್ಜೂ ಕಥೆ ಬೇರೆ. ಅದರ ಕೂದಲು ಬೆಳೀತಾನೇ ಇರ್ತದೆ, ಒಂದು ಇಂಚು ಬಿಟ್ಟು ಕತ್ತರಿಸಿದ್ರ ಅದಕ್ಕೂ ಆರಾಮ, ನಿಮಗೂ ಆರಾಮ. ಚೆಂದ ಕಡಿಮೆ ಆಯ್ತು ಅಂತ ನಾಯಿ ಬೇಜಾರಾಗೋದಿಲ್ಲ.

ಕಡೆಯ ಮಾತು. ಮನೆಗೆ ನಾಯಿ ತರೋ ಮುಂಚೆ ತಳಿ ಯಾವುದು, ರೇಟು ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಇನ್ನೊಂದು ಕೇಳ್ರಿ: ಈ ಮನೆಯಲ್ಲಿ ಹಣಿಗೆ ಹಿಡಿಯೋರು ಯಾರು? ಸ್ಟೇಟಸ್ ಹಾಕೋ ಮಗನಾ, ಇಲ್ಲಾ ರೊಟ್ಟಿ ಬಡಿದು, ಪಾತ್ರೆ ತೊಳೆದು, ಈಗ ಇದನ್ನೂ ಮಾಡಬೇಕಾದ ಅವ್ವನಾ? ಉತ್ತರ ‘ಅವ್ವ’ ಅಂತ ಆದ್ರ, ನೀವು ನಾಯಿ ತಂದಿಲ್ಲ, ಅವ್ವನನ್ನ ದೋರಿಯಾ ಮಾಡಿದ್ದೀರಿ. ಯಾರೂ ಇಲ್ಲ ಅಂತಾದ್ರ ಗಿಡ್ಡ ಕೂದಲಿನ ನಮ್ಮ ಓಣಿ ಮರಿ ಸಾಕ್ರಿ. ಅದಕ್ಕೂ ಪ್ರೀತಿ ಅಷ್ಟೇ ಬರ್ತದೆ, ಮಳಿಗೆ ತೊಯ್ದ್ರ ತಾನೇ ಝಾಡಿಸ್ಕೋತದೆ.

ನಿಮ್ಮೂರಲ್ಲಿ ಪಶ್ಮಿ ನಾಯಿ ನೋಡಿದ ಹಿರಿಯರಿದ್ರ ಕೂತು ಮಾತಾಡಿಸ್ರಿ, ಒಂದು ವಾಯ್ಸ್ ಮೆಸೇಜ್ ಕಳಿಸ್ರಿ. ಮತ್ತೆ ಮುಂದಿನ ವಾರ ಸಿಗೋಣ. ಶರಣು.