ಗುಲಾಬಿಯನ್ನು ದೋಣಿ ಹತ್ತಿಸಿದವರು ಯಾರು?

ವರ್ಷಗಟ್ಟಲೆ ನೆರೆಹೊರೆಯಾಗಿ ಬಾಳಿದವರು ಒಂದು ದಿನ ಪರಕೀಯರಾಗುವುದು ಹೇಗೆ? ಕನ್ನಡ ಸಿನಿಮಾ ಈ ಪ್ರಶ್ನೆಯನ್ನು ಹಲವು ಬಾರಿ ನಮ್ಮ ಮುಂದಿಟ್ಟಿದೆ.

ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ 'ಚೋಮನ ದುಡಿ' ಚಿತ್ರ ಮಾಡಿದರು. ಅದಕ್ಕೆ ಸ್ವರ್ಣಕಮಲ ಪ್ರಶಸ್ತಿ ಬಂತು. ಚೋಮನಿಗೆ ಎತ್ತುಗಳಿವೆ, ದುಡಿಯುವ ತೋಳುಗಳಿವೆ. ಆದರೆ ಹುಟ್ಟಿನ ಕಾರಣಕ್ಕೆ ಉಳಲು ತುಂಡು ಭೂಮಿ ಸಿಗುವುದಿಲ್ಲ. ಅವನ ಮಗ ನೀರಿನಲ್ಲಿ ಮುಳುಗುವಾಗಲೂ ಅಸ್ಪೃಶ್ಯತೆ ಅಡ್ಡ ಬರುತ್ತದೆ. ಇದು ತಲೆಮಾರುಗಳಿಂದ ಬಂದ ದ್ವೇಷ.

ಹೊಸದಾಗಿ ಹುಟ್ಟಿಸಿದ ದ್ವೇಷವನ್ನು ತೋರಿಸಿದ್ದು ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008). ವೈದೇಹಿಯವರ ಕಥೆಯ ಎಳೆ ಹಿಡಿದು ಅವರು ಅದನ್ನು ಕುಂದಾಪುರ ಕಡೆಯ ಮೀನುಗಾರರ ಊರಿಗೆ, 1999ರ ಕಾರ್ಗಿಲ್ ಯುದ್ಧದ ದಿನಗಳಿಗೆ ತಂದರು. ಗುಲಾಬಿ ಮುಸ್ಲಿಂ ಸೂಲಗಿತ್ತಿ, ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಬಣ್ಣದ ಟಿ.ವಿ. ಉಡುಗೊರೆಯಾಗಿ ಬಂದಾಗ ಅವಳ ಗುಡಿಸಲೇ ಊರ ಹೆಂಗಸರ ಟಾಕೀಸ್ ಆಗುತ್ತದೆ. ಇತ್ತ ಸಮುದ್ರದಲ್ಲಿ ಸಣ್ಣ ಮೀನುಗಾರರಿಗೂ ಟ್ರಾಲರ್ ಮಾಲೀಕನಿಗೂ ಹೊಟ್ಟೆಪಾಡಿನ ಜಗಳ. ಮಾಲೀಕ ಮುಸ್ಲಿಮನಾದ್ದರಿಂದ ಅದಕ್ಕೆ ಧರ್ಮದ ಬಣ್ಣ ಬಳಿಯಲಾಗುತ್ತದೆ. ಗುಲಾಬಿಯ ಮನೆಗೆ ಬರುತ್ತಿದ್ದ ನೇತ್ರು ಕಾಣೆಯಾದಾಗ ಅನುಮಾನವೂ ಗುಲಾಬಿಯ ಮೇಲೆಯೇ. ಊರ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈಗಳ ಒಡತಿಯನ್ನು ಬಲವಂತವಾಗಿ ದೋಣಿ ಹತ್ತಿಸಿ ಕಳಿಸುತ್ತಾರೆ. ಗುಲಾಬಿಯ ಪಾತ್ರಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು.

ತೆರೆಯ ಮೇಲಿನ ಈ ಕಥೆಯನ್ನು ಬೆಂಗಳೂರು ನಾಲ್ಕೇ ವರ್ಷದಲ್ಲಿ ಕಣ್ಣಾರೆ ಕಂಡಿತು. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಹಿಂಸೆಗೆ ಪ್ರತೀಕಾರವಾಗಿ ಇಲ್ಲಿನ ಈಶಾನ್ಯ ರಾಜ್ಯದವರ ಮೇಲೆ ಮುಸ್ಲಿಮರು ದಾಳಿ ಮಾಡುತ್ತಾರೆಂಬ ವದಂತಿ ಮೊಬೈಲ್‌ಗಳಲ್ಲಿ ಹರಡಿತು. ಸಾವಿರಾರು ಜನ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಕೇಂದ್ರ ಸರ್ಕಾರ ಸಾಮೂಹಿಕ ಎಸ್ಸೆಮ್ಮೆಸ್‌ಗಳಿಗೆ ಕಡಿವಾಣ ಹಾಕಿತು. ಮುಸ್ಲಿಂ ಮುಖಂಡರೂ 'ಹೋಗಬೇಡಿ, ನಿಮ್ಮೊಂದಿಗೆ ನಾವಿದ್ದೇವೆ' ಎಂದು ಧೈರ್ಯ ತುಂಬಿದರು. ಒಂದೇ ವದಂತಿ ಎರಡು ಗಾಯ ಮಾಡಿತ್ತು: ಅವರಿಗೆ ಭಯ, ನಮಗೆ ಕಳಂಕ.

ಸುದ್ದಿ ತಂದವನನ್ನು ನಂಬುವ ಮೊದಲು ಪರಿಶೀಲಿಸಿರಿ ಎಂದು ಪವಿತ್ರ ಕುರ್‌ಆನ್‌ನ ಅಲ್‌ ಹುಜುರಾತ್ ಅಧ್ಯಾಯ ಆದೇಶಿಸುತ್ತದೆ. ಅದೇ ಅಧ್ಯಾಯ ಪರಿಹಾಸ್ಯ, ಗುಮಾನಿ, ಅಡ್ಡಹೆಸರುಗಳನ್ನೂ ನಿಷೇಧಿಸಿದೆ. ಕಪ್ಪು ವರ್ಣದ, ಗುಲಾಮಗಿರಿಯಿಂದ ಬಿಡುಗಡೆಯಾದ ಹಝ್ರತ್ ಬಿಲಾಲ್(ರ)ರನ್ನು ಪ್ರವಾದಿವರ್ಯರು(ಸ) ಅಝಾನ್ ಕೂಗುವ ಗೌರವಕ್ಕೆ ಆರಿಸಿದರು.

ಉತ್ತರಹಳ್ಳಿಯಂಥ ಬಡಾವಣೆಯಲ್ಲಿ ನಾವು ನಾನಾ ಊರುಗಳಿಂದ ಬಂದವರ ಜೊತೆ ಬದುಕುತ್ತಿದ್ದೇವೆ. ಹೆಸರು ಕೇಳಿ ಬಾಡಿಗೆ ಮನೆ ನಿರಾಕರಿಸಿದರೆ ಎಷ್ಟು ನೋವಾಗುತ್ತದೆಂದು ನಮಗೆ ಗೊತ್ತು. ಹಾಗಿರುವಾಗ ನಾವು ಬಾಡಿಗೆಗೆ ಕೊಡುವಾಗ ಜಾತಿ, ಮುಖಚಹರೆ ನೋಡಬಾರದು; ಹೆಣ್ಣು ನೋಡಲು ಹೋದಾಗ ಮೈಬಣ್ಣ ಅಳೆಯಬಾರದು. ಅನ್ಯಾಯ ನಮಗಾದರೂ ಅನ್ಯಾಯವೇ, ನಮ್ಮಿಂದಾದರೂ ಅನ್ಯಾಯವೇ.

ಗುಲಾಬಿಯನ್ನು ದೋಣಿ ಹತ್ತಿಸಿದವರು ಕೆಲವರು, ದಡದಲ್ಲಿ ಸುಮ್ಮನೆ ನಿಂತವರು ಬಹಳ ಮಂದಿ. ಮಕ್ಕಳೊಂದಿಗೆ ಕುಳಿತು ಆ ಚಿತ್ರ ನೋಡೋಣ. ಮುಂದಿನ ವದಂತಿ ನಮ್ಮ ಮೊಬೈಲ್‌ಗೆ ಬಂದಾಗ ಅದು ನಮ್ಮಲ್ಲೇ ನಿಲ್ಲಲಿ.